ಒಂದೇ ಒಂದು ಗುಳ್ಳೆ

ಗಂಡಸರ ಬಾಯಲ್ಲಿ 'ಉಷ್ಣ' ಎಂಬ ಮಾತು ಕೇಳಿದರೆ ಟೋಕನ್ ಅಕ್ಕನಿಗೆ ಮೈಯೆಲ್ಲ ಉರಿಯುತ್ತದೆ. ಆಸ್ಪತ್ರೆಯ ಹಿಂಬದಿಯಲ್ಲಿ ಗುಪ್ತರೋಗದವರನ್ನು ನೋಡುವ ಕೋಣೆ; ಅದರ ಬಾಗಿಲಲ್ಲಿ ಇವಳ ಮೇಜು. ಬಂದವರಿಗೆ ಟೋಕನ್ ಕೊಡಬೇಕು, ತೊಂದರೆ ಏನೆಂದು ಪುಸ್ತಕದಲ್ಲಿ ಬರೆಯಬೇಕು. ಊರಿನ ದೊಡ್ಡ ಮನುಷ್ಯನಿಂದ ಹಿಡಿದು ಮೂಟೆ ಹೊರುವವನ ತನಕ ಎಲ್ಲರದ್ದೂ ನೆಲ ನೋಡಿಕೊಂಡು ಒಂದೇ ರಾಗ: "ಸ್ವಲ್ಪ ಉಷ್ಣ ಆಗಿದೆ." ಪುಸ್ತಕದಲ್ಲಿ ಉಷ್ಣಕ್ಕೆ ಜಾಗವಿಲ್ಲ. ಉರಿಯೋ, ಕೀವೋ, ಹುಣ್ಣೋ, ಗುಳ್ಳೆಯೋ ಎಂದು ಇವಳೇ ಮೆಲ್ಲಗೆ ಕೇಳಿ ಬಾಯಿ ಬಿಡಿಸುತ್ತಾಳೆ.

ಈ ಗುಳ್ಳೆಯೇ ಆರು ವರ್ಷದ ಹಿಂದೆ ಅವಳ ಸಂಸಾರ ಮುಳುಗಿಸಿತ್ತು. ಅವಳಿಗೆ ಆಗಬಾರದ ಜಾಗದಲ್ಲಿ ನಾಲ್ಕು ಗುಳ್ಳೆ ಎದ್ದವು. ಡಾಕ್ಟರು ಅದನ್ನು ಸಂಗದಿಂದ ಬರುವ ಸೋಂಕು ಎಂದದ್ದೇ ತಡ, ಅವಳ ಗಂಡ, ಇಸ್ತ್ರಿ ಅಂಗಡಿಯವನು, ವಠಾರದವರನ್ನೆಲ್ಲ ಸೇರಿಸಿ ಎದೆ ಬಡಿದುಕೊಂಡಿದ್ದ. "ನನ್ನ ಮೈಮೇಲೆ ಒಂದೇ ಒಂದು ಗುಳ್ಳೆ ತೋರಿಸ್ಲಿ ನೋಡೋಣ." ಯಾರು ತಾನೆ ತೋರಿಸಿಯಾರು? ಅತ್ತೆ ಇವಳ ತಗಡಿನ ಪೆಟ್ಟಿಗೆ ಎಳೆದು ಬೀದಿಗೆ ಹಾಕಿದಳು. ಪೆಟ್ಟಿಗೆಯ ಮೂಲೆ ನಜ್ಜುಗುಜ್ಜಾಯಿತು. ಟೋಕನ್ ಅಕ್ಕ ಇಂದಿಗೂ ಅದನ್ನು ರಿಪೇರಿ ಮಾಡಿಸಿಲ್ಲ. ಬೇಕೆಂದೇ.

ಮೊನ್ನೆ ಸೋಮವಾರ ಮೂವತ್ತೊಂದನೇ ಟೋಕನ್‌ಗೆ ಕೈಚಾಚಿದವನು ಅವನೇ. ಬೆನ್ನಿಗೆ ಅವನ ತಾಯಿ. ಮಗನದು ದಿನವಿಡೀ ಬಿಸಿಯ ಮುಂದೆ ನಿಲ್ಲುವ ಕೆಲಸ, ಉಷ್ಣ ಆಗದೆ ಇನ್ನೇನು ಎಂದು ಮುದುಕಿಯೇ ಶುರು ಮಾಡಿದಳು. ಅಕ್ಕನ ಮುಖಕ್ಕೆ ಮಾಸ್ಕ್ ಇತ್ತು, ಸರಿ. ಆದರೆ ಹನ್ನೊಂದು ವರ್ಷ ಜೊತೆಗಿದ್ದವನಿಗೆ ಹೆಂಡತಿಯ ದನಿಯೂ ಗೊತ್ತಾಗಲಿಲ್ಲ. ಯಾವತ್ತಾದರೂ ಕಿವಿಗೊಟ್ಟು ಕೇಳಿದ್ದರೆ ತಾನೆ!

"ಉಷ್ಣ ಅಂತ ಬರ್ಯೋಕೆ ಬರಲ್ಲ. ಸರಿಯಾಗಿ ಹೇಳಿ," ಎಂದಳು ಅಕ್ಕ.

ಅವನು ಗೊಣಗಿದ.

"ಕೇಳಿಸ್ಲಿಲ್ಲ."

"ಗುಳ್ಳೆ."

"ಎಷ್ಟು?"

ಆರೋ ಏಳೋ ಎಂದ. ಪುಸ್ತಕದಲ್ಲಿ ಎಷ್ಟು ಎಂದು ಬರೆಯುವ ಕಾಲಮ್ಮೇ ಇಲ್ಲ. ಆದರೂ ಅವಳು 'ಏಳು' ಎಂದು ದಪ್ಪಗೆ ಬರೆದು ಕೆಳಗೆ ಗೆರೆ ಎಳೆದಳು. ಆರು ವರ್ಷದಲ್ಲಿ ಅಷ್ಟು ಖುಷಿಯಿಂದ ಅವಳು ಇನ್ನೇನನ್ನೂ ಬರೆದಿರಲಿಲ್ಲ.

ಒಳಗೆ ಡಾಕ್ಟರಮ್ಮ, ತಾಯಿ ಜೊತೆಗಿರಬಹುದೇ ಎಂದು ಅವನನ್ನೇ ಕೇಳಿದರು. ತಾಯಿಗೆ ಬೇಡವೆಂದು ಹೇಳಿ ಗೊತ್ತಿಲ್ಲದವನು ಹೂಂ ಎಂದು ತಲೆಯಾಡಿಸಿದ. ಪರದೆಯಾಚೆ ಪರೀಕ್ಷೆ ಮುಗಿಸಿ ಬಂದ ಡಾಕ್ಟರಮ್ಮ ಇದು ಎಚ್‌ಪಿವಿ ಎಂಬ ವೈರಸ್ಸು, ಗುಳ್ಳೆಗಳನ್ನು ಸುಟ್ಟು ತೆಗೆಯಬಹುದು ಎಂದು ವಿವರಿಸಿದರು. ಅವನು ಕೂಡಲೇ ನಾಲಿಗೆ ಹೊರಳಿಸಿದ: ತಾನು ಅಂಥವನಲ್ಲ, ಈಗಿನ ಹೆಂಡತಿಯಿಂದಲೇ ಬಂದಿರಬೇಕು.

ಈಗಿನವಳ ಪೆಟ್ಟಿಗೆಯೂ ಬೀದಿಗೆ ಬೀಳುವುದು ಅಕ್ಕನ ಕಣ್ಣಿಗೆ ಕಟ್ಟಿತು. ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಬಾಗಿಲಲ್ಲಿ ನಿಂತು ಕೇಳಿದಳು: "ಡಾಕ್ಟ್ರೇ, ಒಂದೂ ಗುಳ್ಳೆ ಇಲ್ದೇ ಇದ್ರೂ ಗಂಡಸಿನಲ್ಲಿ ಇದು ಇರಬಹುದಾ?"

"ವರ್ಷಗಟ್ಟಲೆ ಇರಬಹುದು. ಅವನಿಗೇ ಗೊತ್ತಿರಲ್ಲ, ಹೆಂಡತಿಗೆ ಅಂಟಿಸ್ತಾನೆ. ಯಾರಿಂದ ಯಾರಿಗೆ ಬಂತು ಅಂತ ಯಾವ ಪರೀಕ್ಷೆಯೂ ಹೇಳಲ್ಲ. ಹೆಂಡತೀನ ಕಳಿಸಿ, ಗರ್ಭಕೋಶದ ಬಾಯಿ ಪರೀಕ್ಷೆ ಮಾಡ್ಬೇಕು."

ಮುದುಕಿ ಮಗನನ್ನೇ ನೋಡುತ್ತ ಕುಳಿತಳು. ಅವನು ಚಪ್ಪಲಿ ನೋಡಿಕೊಂಡ.

ಹೊರಗೆ ಬಂದಾಗ ಹೆಂಡತಿಗೆ ಕೊಡುವ ಚೀಟಿಯನ್ನು ಅಕ್ಕ ಚಾಚಿದಳು. ಅವನು ಕೈ ಹಿಂದಕ್ಕೆಳೆದುಕೊಂಡ. ಮುದುಕಿಯೇ ಅದನ್ನು ತೆಗೆದುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. "ಇವನು ಹರಿದು ಹಾಕ್ತಾನಮ್ಮ. ನಾನೇ ಕೊಡ್ತೀನಿ," ಎಂದಳು.

ಆಗ ಟೋಕನ್ ಅಕ್ಕ ಮಾಸ್ಕ್ ಕೆಳಗಿಳಿಸಿದಳು. ಇಬ್ಬರ ಮುಖದ ರಕ್ತವೂ ಇಳಿಯುವವರೆಗೆ ಸುಮ್ಮನೆ ಕಾದಳು. ಅವಸರವೇನೂ ಇರಲಿಲ್ಲ.

"ಈ ಸಲ ಪೆಟ್ಟಿಗೆ ಬೀದಿಗೆ ಹಾಕೋದಾದ್ರೆ," ಎಂದಳು, "ಇವರದ್ದು ಹಾಕಿ, ಅತ್ತೆ."