ತೊಟ್ಟಿಲ ಬದನೆ

ಅಕ್ಕನಾಗಮ್ಮನ ಬದನೆ ಸಸಿಗಳು ಈ ವರ್ಷ ತೊಟ್ಟಿಲಲ್ಲಿ ಬೆಳೆದವು. ದುಧನಿಯ ಸಂತೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ, ನಗಲಿ.

ಬಾವಿಯ ಪಕ್ಕದ ನಾಲ್ಕು ಗುಂಟೆ ಅವಳ ಲೋಕ. ಯಾವ ಮಳೆಗೆ ಯಾವ ಕಾಯಿಪಲ್ಲೆ ಎಂಬುದು ಮೂವತ್ತು ವರ್ಷದಿಂದ ಅವಳ ತಲೆಯಲ್ಲೇ ಇತ್ತು: ರೋಹಿಣಿಗೆ ಮಡಿ ಹದ ಮಾಡುವುದು, ಮೃಗಶಿರಕ್ಕೆ ಬದನೆ ಹಚ್ಚುವುದು. ಈಗೀಗ ಮಳೆಗಳು ತಮ್ಮ ಹೆಸರನ್ನೇ ಮರೆತು ಬರುತ್ತವೆ. ಈ ಸಲ ವೈಶಾಖದಲ್ಲೇ ಬಿರುಗಾಳಿ ಮಳೆ ಬಂದು ಸಸಿಮಡಿ ಎರಡು ಸಲ ಕೊಚ್ಚಿಹೋಯಿತು. ತವರಿನ ಮುಳ್ಳುಬದನೆಯ ಬೀಜ ಉಳಿದದ್ದು ಒಂದು ಚಿಟಿಕೆ. ಅದೂ ಹೋದರೆ ಆ ತಳಿಯೇ ಹೋಯಿತು. ಮತ್ತೆ ಬೀಜ ಕೇಳೋಣವೆಂದರೆ ಅವ್ವನೂ ಇಲ್ಲ.

ಗಾಳಿ ಬಂದರೆ ಎತ್ತಿ ಒಳಗಿಡಬಹುದಾದದ್ದು ಮನೆಯಲ್ಲಿ ಒಂದೇ ಇತ್ತು, ತೊಟ್ಟಿಲು. ಮಗನ ಮದುವೆಯಾಗಿ ಎಂಟು ವರ್ಷ ಅದು ಅಟ್ಟದ ಮೇಲಿತ್ತು. ಆ ಎಂಟು ವರ್ಷವೂ ಸೊಸೆ ಸಾರಿಕಾ ಅಟ್ಟದ ಕಡೆ ತಲೆ ಎತ್ತಿ ನೋಡಿರಲಿಲ್ಲ. ಮಂಗಳವೇಢೆಯ ತವರಲ್ಲಿ ಅವಳು ಗಂಡು ಹೆತ್ತಳೆಂಬ ಸುದ್ದಿ ಬಂದ ದಿನವೇ ಅಕ್ಕನಾಗಮ್ಮ ಅದನ್ನು ಇಳಿಸಿ ಎಣ್ಣೆ ತಿಕ್ಕಿದ್ದಳು. ಬಾಣಂತಿ ಬರಲು ಇನ್ನೂ ತಿಂಗಳಿತ್ತು. ಖಾಲಿ ತೊಟ್ಟಿಲು ತೂಗಬಾರದು ಬೇರೆ. ಪ್ಲಾಸ್ಟಿಕ್ ಹಾಳೆ ಹಾಸಿ, ಗೊಬ್ಬರದ ಮಣ್ಣು ತುಂಬಿ, ಬೀಜ ಹಾಕಿ, ಅಂಗಳದ ಬೇವಿಗೆ ತೂಗುಹಾಕಿಯೇಬಿಟ್ಟಳು.

“ಮೊಮ್ಮಗ ಬರೂದರೊಳಗ ನೀನ ಬದನಿ ಹಡದಿ ಬಿಡು” ಎಂದ ಗಂಡ ರಾಚಪ್ಪ. ಆದರೂ ಮೋಡ ಕಪ್ಪಿಟ್ಟರೆ, ಬೇವಿನ ಕೊಂಬೆಯಿಂದ ತೊಟ್ಟಿಲು ಬಿಚ್ಚಲು ಮೊದಲು ಓಡುವವನು ಅವನೇ.

ಬೆಳಗಿನ ಎಳೆಬಿಸಿಲಲ್ಲಿ ಅವಳು ತೂಗುತ್ತ ಕೂಡುವಳು. ಕಣ್ಣು ಅರೆಮುಚ್ಚಿದರೆ ದೂರದ ರೈಲಿನ ಸದ್ದು, ಇನ್ನೂ ಬಿಡದ ಬದನೆ ಹೂವಿನ ನೇರಳೆ, ಅವ್ವನ ಸೆರಗು ಎಲ್ಲ ಒಂದರೊಳಗೊಂದು ಬೆರೆಯುತ್ತಿದ್ದವು. ಒಳಗೆ ಮಲಗಿದ್ದು ಸಸಿಯೋ ಕೂಸೋ ಎಂದು ಅವಳಿಗೇ ಮರೆತುಹೋಗುತ್ತಿತ್ತು.

ಮಗ ಅಮೋಲ ಹೇಳದೆ ಕೇಳದೆ ಎಂಟು ದಿನ ಮೊದಲೇ ಹೆಂಡತಿ, ಮಗನನ್ನು ಕರೆತಂದ. ಅದೇ ಮಧ್ಯಾಹ್ನ ಪಡುವಣದಿಂದ ಗಾಳಿ ಎದ್ದಿತ್ತು. ತೊಟ್ಟಿಲನ್ನು ಆಗಷ್ಟೇ ಪಡಸಾಲೆಯ ತೊಲೆಗೆ ಕಟ್ಟಿದ್ದರು. ಬಾಗಿಲಲ್ಲಿ ನಿಂತ ಸಾರಿಕಾ ತುಂಬಿದ ತೊಟ್ಟಿಲನ್ನೇ ನೋಡಿದಳು.

ಅಕ್ಕನಾಗಮ್ಮನಿಗೆ ನಾಚಿಕೆಯಾಯಿತು. ಸಸಿ ಕಿತ್ತು ಹೊರಗೆ ಹಚ್ಚಿದರೆ ಈ ಗಾಳಿಗೆ ಒಂದೂ ಉಳಿಯದು. ಕೀಳದಿದ್ದರೆ ಇಷ್ಟು ವರ್ಷ ಕಾದ ಕೂಸಿಗೆ ಜಾಗವಿಲ್ಲ. ಕಣ್ಣು ತುಂಬಿಕೊಂಡೇ ಮಣ್ಣಿಗೆ ಕೈ ಹಾಕಿದಳು.

“ಈಗ ತಗೀತೀನಿ ಯವ್ವಾ, ಕೂಡು.”

ಸಾರಿಕಾ ಅವಳ ಮುಂಗೈ ಹಿಡಿದಳು. “ಥಾಂಬಾ, ತಡೀರಿ ಅತ್ತಿ, ಇರಲಿ ಬಿಡ್ರಿ. ಎಂಟು ವರ್ಷ ಖಾಲಿ ಇತ್ತು. ಇವು ಮೊದಲ ಬಂದಾವ, ಇವಗ ಅಣ್ಣಗೋಳು. ಇವ ತೊಡಿ ಮ್ಯಾಲ ಮಲಗ್ತಾನ.”

ಹೊರಗೆ ತಗಡಿನ ಮೇಲೆ ಆಲಿಕಲ್ಲು ಬೀಳತೊಡಗಿತು. ಅಕ್ಕನಾಗಮ್ಮ ಕೈ ತೊಳೆದು ಮೊಮ್ಮಗನನ್ನು ತೊಡೆಗೆ ಹಾಕಿಕೊಂಡಳು. ಸಾರಿಕಾ ಬದನೆಯ ತೊಟ್ಟಿಲು ತೂಗುತ್ತ ಕೂತಳು.