ಅತ್ತೆ ನನಗೆ ನೇರವಾಗಿ ಹೇಳಿದ ಮೊದಲ ಮಾತು

ನಮ್ಮ ಅತ್ತೆ ಕಲ್ಯಾಣಮ್ಮ ಗದಗ ಕಡೆಯವರು. ಮಾವ ತೀರಿಕೊಂಡ ಮೇಲೆ ಬ್ಯಾಡರಹಳ್ಳಿಯ ನಮ್ಮ ಮನೆಗೆ ಬಂದರು. ತರಕಾರಿ ಗಾಡಿಯವನ ಹತ್ತಿರ ಬೀದಿಗೆಲ್ಲ ಕೇಳುವ ಹಾಗೆ ಚೌಕಾಸಿ ಮಾಡುವ ಹೆಂಗಸು, ನನ್ನ ಜೊತೆ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ. ಅವರ ಮನೆತನದಲ್ಲಿ ಅಳಿಯನ ಎದುರು ಅತ್ತೆ ಬಾಯಿ ಬಿಡಬಾರದಂತೆ. ನಾನು ಪಕ್ಕದಲ್ಲೇ ಕೂತಿದ್ದರೂ ಮಗಳಿಗೆ, "ಶೈಲಾ, ಅವರಿಗೆ ಚಾ ಬೇಕೇನು ಕೇಳು" ಅನ್ನುವರು. ನನ್ನ ಹೆಂಡತಿ ಶೈಲಾ ಹೊರಗೆ ಹೋಗಿದ್ದರೆ ಗೋಡೆಗೆ ಹೇಳುವರು: "ಗ್ಯಾಸ್ ಮುಗದೈತಿ." ನಾನೂ ಗೋಡೆ ನೋಡಿಕೊಂಡೇ "ತರ್ತೀನಿ" ಅನ್ನುತ್ತಿದ್ದೆ.

ಅದು ನನಗೂ ಅನುಕೂಲವೇ ಆಗಿತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗ್ರಿಲ್ ವೆಲ್ಡಿಂಗ್ ಕಲಿತವನು ನಾನು. ನನ್ನ ಕೆಲಸಕ್ಕೆ ಯಾರಾದರೂ ಹೀಗಲ್ಲ ಹಾಗೆ ಅಂದರೆ ಮೈ ಉರಿಯುತ್ತದೆ. ಅದೇ ಸಿಟ್ಟಿನಲ್ಲಿ ಗ್ಯಾರೇಜಿನವನ ಜೊತೆ ಜಗಳವಾಡಿ, ಅಪ್ಪನ ಹಳೇ ಫಿಯಟ್ಟನ್ನೂ ರಿಪೇರಿಯಾದ ಅದರ ಇಂಜಿನ್ನನ್ನೂ ಬೇರೆಬೇರೆಯಾಗಿ ಮನೆಗೆ ಸಾಗಿಸಿ ತಂದೆ. ನಾನೇ ಕೂರಿಸುತ್ತೇನೆ ಎಂದೆ.

"ರೀ, ವೆಲ್ಡಿಂಗ್ ಹಿಡಿಯೋ ಕೈ ಅದು. ಏನಾದ್ರೂ ಆದ್ರೆ ನಾವು ಏನು ತಿನ್ನೋದು?" ಎಂದಳು ಶೈಲಾ. ನಾನು ಕೇಳಲಿಲ್ಲ.

ಗ್ಯಾರೇಜಿನಲ್ಲಾದರೆ ಕ್ರೇನು ಇರುತ್ತದೆ. ಮನೆಯಲ್ಲಿ? ಹೆಗ್ಗನಹಳ್ಳಿಯ ಮುನಿಯಪ್ಪ ಬೋರ್‌ವೆಲ್ ಮೋಟರು ಎತ್ತುವ ಕೆಲಸ ಮಾಡುತ್ತಾನೆ. ಅವನು ಭಾನುವಾರ ತನ್ನ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನ್ ಪುಲ್ಲಿ, ದಪ್ಪ ಬೆಲ್ಟು ಎಲ್ಲ ತಂದ. ಗೇರ್‌ಬಾಕ್ಸಿನ ಕೆಳಗೆ ಜಾಕಿ ಕೊಟ್ಟು, ಕಾರಿನ ಮೂತಿಯ ಸುತ್ತ ಅಂಗಳದ ಟೈಲ್ಸ್ ಮೇಲೆ ಕಾಲು ಊರಿ ಸ್ಟ್ಯಾಂಡ್ ನಿಲ್ಲಿಸಿದೆವು.

"ಅಣ್ಣ, ಕೆಳಗಡೆ ಮೂರೂ ಕಾಲು ಸೇರ್ಸಿ ಹಗ್ಗ ಕಟ್ಬಿಡಾಣ. ಮಣ್ಣಲ್ಲಾದ್ರೆ ಊರ್ಕೊಳ್ತವೆ. ಇದು ಟೈಲ್ಸು, ಜಾರತ್ತೆ."

"ಇಂಜಿನ್ ಇಳ್ಸೋಕೆ ಬಂದಿದೀಯೋ, ಪಾಠ ಹೇಳೋಕೋ? ಎಳಿ ಚೈನು."

ಅತ್ತೆ ಮೆಟ್ಟಿಲ ಮೇಲೆ ನಮಗೆ ಓರೆಯಾಗಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಇಂಜಿನ್ ಚೆನ್ನಾಗಿಯೇ ಇಳಿಯಿತು. ಇನ್ನೇನು ಕೂರಬೇಕು, ಕೆಳಗೆ ಅದು ಕೂರುವ ರಬ್ಬರಿನ ತೂತಿಗೆ ಬೋಲ್ಟು ಸರಿಹೋಗಲಿಲ್ಲ. ಸರಿಸೋಣ ಎಂದು ಬಲಗೈ ಒಳಗೆ ತೂರಿಸಿದೆ.

"ಏ! ಕೈ ತಗೀ! ತಗೀಯೋ!"

ಯಾರ ದನಿ ಎಂದು ಯೋಚಿಸುವ ಮುಂಚೆಯೇ ಕೈ ಎಳೆದುಕೊಂಡೆ. ಸ್ಟ್ಯಾಂಡಿನ ಒಂದು ಕಾಲು ಟೈಲ್ಸಿನ ಮೇಲೆ ಸರ್ರನೆ ಜಾರಿ, ಇಂಜಿನ್ ಧಡ್ ಎಂದು ಬಿತ್ತು. ರಬ್ಬರು ಸೀಳಿಹೋಗಿತ್ತು. ಅದರ ಮೇಲೆ ನನ್ನ ಬೆರಳುಗಳಿದ್ದವು, ಒಂದು ಕ್ಷಣದ ಹಿಂದೆ.

ಹೆದರಿಕೆ ಮುಚ್ಚಿಕೊಳ್ಳಲು ನನಗೆ ಗೊತ್ತಿರುವುದು ಒಂದೇ ದಾರಿ. "ಲೇ ಮುನಿಯಪ್ಪ, ಇದೂ ಒಂದು ಸ್ಟ್ಯಾಂಡೇನೋ—"

"ಅವರಿಗ್ಯಾಕ ಒದರ್ತೀರಿ?" ಆಗ ಕೂಗಿದ್ದೂ ಅತ್ತೆಯೇ. ಎದ್ದು ನಿಂತಿದ್ದರು, ಸೊಪ್ಪೆಲ್ಲ ನೆಲದ ಮೇಲೆ. "ಹಗ್ಗ ಕಟ್ಟೂಣು ಅಂದವರು ಅವರು. ಬ್ಯಾಡ ಅಂದವರು ನೀವು!"

ಮುನಿಯಪ್ಪ, "ಇಷ್ಟು ವರ್ಷದಿಂದ ನೋಡ್ತಿದೀನಿ ಅಣ್ಣ, ನಿಮ್ ಬಾಯಿ ಮುಚ್ಸಿದೋರು ಇವ್ರೊಬ್ರೇ" ಎಂದು ಕಿಸಕ್ಕನೆ ನಕ್ಕ. ಆಗ ಅತ್ತೆಗೆ ತಾವು ಯಾರ ಜೊತೆ ಮಾತಾಡಿದೆವೆಂಬುದು ಹೊಳೆಯಿತೋ ಏನೋ, ನಾಲಿಗೆ ಕಚ್ಚಿಕೊಂಡು, ತಲೆ ತುಂಬ ಸೆರಗು ಹೊದ್ದು ಒಳಗೆ ಹೋದರು. ಮುಗಿಯಿತು, ಇನ್ನು ಗೋಡೆಯೇ ಗತಿ ಅಂದುಕೊಂಡೆ.

ಆದರೆ ಸ್ವಲ್ಪ ಹೊತ್ತಿಗೆ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಬಿಚ್ಚಿಕೊಂಡು ಬಂದರು. ನನ್ನ ಮುಖ ನೋಡಿಯೇ ಕೇಳಿದರು: "ಇದು ಸಾಕಾಗತೈತೇನು?"

"ಸಾಕು ಅತ್ತೆ."

ಸ್ಟ್ಯಾಂಡಿನ ಮೂರು ಕಾಲನ್ನೂ ಬಿಗಿದು ಕಟ್ಟಿ, ಬಿದ್ದ ಇಂಜಿನ್ನನ್ನು ಎತ್ತಿ ಹೊರಗಿಟ್ಟೆವು. ಹೊಸ ರಬ್ಬರು ತಂದು ಮುಂದಿನ ವಾರ ಇಂಜಿನ್ ಕೂರಿಸಿದೆವು. ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ಪದ್ಧತಿಯನ್ನು ಆ ತಾಯಿ ನನ್ನ ಬೆರಳುಗಳಿಗಾಗಿ ಕ್ಷಣವೂ ಯೋಚಿಸದೆ ಬಿಟ್ಟರಲ್ಲ! ಇವತ್ತಿಗೂ ಕೈಯಲ್ಲಿ ವೆಲ್ಡಿಂಗ್ ರಾಡು ಹಿಡಿದಾಗಲೆಲ್ಲ ಅವರನ್ನು ನೆನೆಯುತ್ತೇನೆ. ಎದುರಿಗೆ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾರು ಓಡಿಸಿ ನೋಡಲು ಅತ್ತೆಯನ್ನೂ ಶೈಲಾಳನ್ನೂ ಹಿಂದೆ ಕೂರಿಸಿಕೊಂಡು ಮಾಗಡಿ ರಸ್ತೆಗೆ ಇಳಿದೆ. ಇಂಜಿನ್ ಸದ್ದು ಕೇಳಿ ಖುಷಿಯಾಗಿ ಸುಂಕದಕಟ್ಟೆ ಹತ್ತಿರ ಜೋರು ಮಾಡಿದೆ.

"ಸಾವಕಾಶ ಹೊಡೀರಿ. ಮುಂದ ಹಂಪ್ ಐತಿ."

ಬೇರೆ ಯಾರಾದರೂ ಅಂದಿದ್ದರೆ ಕಾರು ನಿಲ್ಲಿಸಿ ಇಳಿಸಿಬಿಡುತ್ತಿದ್ದೆ.

"ಆಯ್ತು ಅತ್ತೆ" ಎಂದು ಗೇರು ಇಳಿಸಿದೆ.

"ಇನ್ನೂ ಹೇಳವ್ವಾ," ಎಂದಳು ಶೈಲಾ, "ಮೊಬೈಲ್ ನೋಡ್ಕೊಂಡು ಗಾಡಿ ಓಡಸ್ತಾರ, ಅದನ್ನೂ ಹೇಳು."