ಖಾನಾವಳಿ ಇಂದುಬಾಯಿ ಬಿಡಿಸಿದ ಟೀವಿ

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರಿಗೆ ಇಂದುಬಾಯಿಯ ಖಾನಾವಳಿ ಇತ್ತು. ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ಅದನ್ನು ನಡೆಸಿಕೊಂಡು ಬಂದಿದ್ದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಉಣ್ಣಲು ಬಂದವರೆಲ್ಲ ಅವಳನ್ನು ಮಾವಶಿ ಎನ್ನುತ್ತಿದ್ದರು. ರೊಟ್ಟಿಯಷ್ಟೇ ಹೆಸರಾದದ್ದು ಅವಳ ರಂಗೋಲಿ. ಬೆಳಿಗ್ಗೆ ಅಂಗಳಕ್ಕೆ ಸಗಣಿ ಸಾರಿಸಿ ಕುಕ್ಕರುಗಾಲಲ್ಲಿ ಕೂತಳೆಂದರೆ ಚುಕ್ಕಿ ಇಡುವ ಗೋಜಿಲ್ಲ. ಒಂದೇ ಗೆರೆಯಲ್ಲಿ ಕೋಣ ಎದ್ದು ನಿಲ್ಲುತ್ತಿತ್ತು, ಮನುಷ್ಯರ ಮುಖವೂ ಸಿಕ್ಕಿಬೀಳುತ್ತಿತ್ತು. ಹಿಪ್ಪರಗಿ ಬಸ್ಸಿನ ಕಂಡಕ್ಟರ್ ಚಂದಪ್ಪನ ಮೂಗನ್ನು ಬಿಡಿಸಿದಾಗ ಅವನು ಕೆಲವು ದಿನ ಮುನಿಸಿಕೊಂಡು ಊಟಕ್ಕೇ ಬರಲಿಲ್ಲ. ಆಮೇಲೆ ಬಂದು, "ಮೂಗು ಹೋಗ್ಲಿ ಮಾವಶಿ, ಮೀಸಿ ಸರಿ ಬಂದಿಲ್ಲ" ಎಂದು ತಕರಾರು ತೆಗೆದಿದ್ದ.

ಅದು ಕಾರ್ಗಿಲ್ ಯುದ್ಧದ ವರ್ಷ. ಅದೇ ಹೊತ್ತಿಗೆ ವಿಶ್ವಕಪ್ ಕ್ರಿಕೆಟ್ಟೂ ಬಂದಿತ್ತು. ಖಾನಾವಳಿಯ ಗೋಡೆಯ ಹಲಗೆ ಮೇಲಿನ ಟೀವಿ ಒಂದು ಗಳಿಗೆ ಬ್ಯಾಟು ತೋರಿಸಿದರೆ ಇನ್ನೊಂದು ಗಳಿಗೆ ತೋಪು ತೋರಿಸುತ್ತಿತ್ತು. ಮಂದಿ ಕೈ ತೊಳೆಯುತ್ತಲೇ "ಎಷ್ಟಾತ್ರಿ?" ಎಂದು ಕೂಗುತ್ತಿದ್ದರು. ಕೇಳಿದ್ದು ರನ್ನೋ ಹೆಣವೋ ಇಂದುಬಾಯಿಗೆ ತಿಳಿಯುತ್ತಿರಲಿಲ್ಲ.

ಹಿಂದಿನ ಓಣಿಯ ಸುಲ್ತಾನಬಿ ಬಳೆ ಮಾರುವವಳು. ಅವಳ ಒಬ್ಬನೇ ಮಗ ಮಶಾಕಸಾಬ ಸೈನ್ಯದಲ್ಲಿದ್ದ. ಅವನ ಸುದ್ದಿಯೇ ಇರಲಿಲ್ಲ. ಮಧ್ಯಾಹ್ನದ ವಾರ್ತೆಯ ಹೊತ್ತಿಗೆ ಸುಲ್ತಾನಬಿ ಬಳೆಬುಟ್ಟಿ ಇಳಿಸಿ ಇಂದುಬಾಯಿಯ ಒಲೆಯ ಬಗಲಿಗೆ ಬಂದು ಕೂಡುವಳು. ಒಂದಿನ ಟೀವಿಯಲ್ಲಿ ಜವಾನರು ಹಗ್ಗ ಹಿಡಿದು ಗುಡ್ಡ ಹತ್ತುತ್ತಿದ್ದರು. ಒಬ್ಬ ಇತ್ತ ಹೊರಳಿದ. ಸುಲ್ತಾನಬಿ ದಡಕ್ಕನೆ ಎದ್ದಳು.

"ಇಂದಕ್ಕಾ, ಮಶಾಕ! ನಮ್ಮ ಮಶಾಕ ನೋಡ!"

ಅಷ್ಟರಲ್ಲೇ ಸೋಪಿನ ಪುಡಿಯ ಜಾಹೀರಾತು ಬಂತು. ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಆಕೆ ನಿಂತೇ ಇದ್ದಳು. ಪುಡಿ ಮುಗಿದು, ಬಿಸ್ಕೀಟು ಮುಗಿದು ವಾರ್ತೆ ತಿರುಗಿ ಬಂದಾಗ ಗುಡ್ಡವೇ ಇರಲಿಲ್ಲ; ಕೋಟು ಹಾಕಿದವರು ನಕಾಶೆ ಮುಂದಿಟ್ಟುಕೊಂಡು ಒಬ್ಬರ ಮೇಲೊಬ್ಬರು ಚೀರಾಡುತ್ತಿದ್ದರು. ಇಂದುಬಾಯಿಯ ಹಂಚಿನ ಮೇಲೆ ರೊಟ್ಟಿ ಕರ್ರಗೆ ಸುಟ್ಟಿತ್ತು.

ಮರುದಿನದ ರಂಗೋಲಿಗೆ ಊರೇ ಎದ್ದು ಬಂತು. ಗುಡ್ಡದ ಮೇಲೆ ಬಂದೂಕು ಹಿಡಿದ ಜವಾನ. ಕೆಳಗೆ ಎರಡು ಕಾಲು ಮೂಡಿದ ಟೀವಿ, ಕೈಯಲ್ಲಿ ಮೈಕು. ಅದು ಹೇಳುತ್ತಿತ್ತು: 'ಸ್ವಲ್ಪ ತಡೀರಿ ಜವಾನ್ರ, ಸೋಪಿನ ಪುಡಿ ಮಾರಿ ಬರ್ತೇನಿ.'

ಚಂದಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅದನ್ನು ಗಟ್ಟಿಯಾಗಿ ಓದಿದ. ಕಿಟಕಿಗಳಿಂದ ತಲೆಗಳು ಹೊರಬಂದವು. ಬಸ್ಸಿಗೆ ಬಸ್ಸೇ ನಕ್ಕಿತು. ಇಂದುಬಾಯಿಗೆ ಎದೆ ಉಬ್ಬಿ ಬಂತು. ಆಗಲೇ ಜವಳಿ ಅಂಗಡಿಯ ಶ್ರೀಶೈಲಪ್ಪ ಗುಂಪು ಸರಿಸಿಕೊಂಡು ಮುಂದೆ ಬಂದ.

"ಇಂದುಬಾಯಿ, ಏನಿದು ಹುಚ್ಚಾಟ? ಟೀವಿ ಇರಲಿಲ್ಲಂದ್ರ ಅಲ್ಲಿ ನಮ್ಮ ಹುಡುಗ್ರು ಹೆಂಗ ಬಡದಾಡಾಕತ್ತಾರ ಅಂತ ನಿನಗ ತಿಳೀತಿತ್ತೇನು? ಅದನ್ನ ನೋಡೇ ಮಂದಿ ರಕ್ತ ಕೊಡಾಕ ಪಾಳಿ ಹಚ್ಯಾರ!"

"ತೋರ್ಸೂದು ಬ್ಯಾಡ ಅನ್ನಾಕತ್ತಿಲ್ರಿ ಸಾವ್ಕಾರ್ರ. ತೋರ್ಸೂ ರೀತಿ ಹೇಳಾಕತ್ತೇನಿ."

"ಹೌದ್ರಿ, ಖರೇ ಐತಿ!" ಎಂದರು ಕೆಲವರು. "ಯುದ್ಧದಾಗ ಚೇಷ್ಟಿ ಏನು?" ಎಂದರು ಕೆಲವರು. ಅಂಗಳವೇ ವಿಧಾನಸಭೆಯಾಯಿತು. ಗದ್ದಲದ ನಡುವೆ ಇಂದುಬಾಯಿ ಹೊರಳಿದರೆ ಕಂಬಕ್ಕೆ ಆತು ಸುಲ್ತಾನಬಿ ನಿಂತಿದ್ದಳು. ಅವಳ ಮುಖದಲ್ಲಿ ನಗೆ ಇರಲಿಲ್ಲ.

"ನನ್ನ ಸಲುವಾಗೇ ಹಾಕೀದಿ, ತಿಳೀತು ಅಕ್ಕಾ. ಆದರ ಗುಡ್ಡದ ಮ್ಯಾಲ ನನ್ನ ಮಗ ಅದಾನ, ಕೆಳಗ ಮಂದಿ ನಗಾಕತ್ತಾರ."

ಇಂದುಬಾಯಿಯ ಹುರುಪು ಸರ್ರನೆ ಇಳಿಯಿತು. ತಾನೇ ಪೊರಕೆ ತಂದು ಜವಾನನನ್ನು ಅಳಿಸಿದಳು. ಆ ದಿನವಿಡೀ ಅವಳಿಗೆ ರೊಟ್ಟಿ ತಟ್ಟುವ ಸದ್ದಿನಲ್ಲೂ ಆ ಮಾತೇ ಕೇಳಿಸಿತು.

ಮಾರನೇ ಬೆಳಿಗ್ಗೆ ರಂಗೋಲಿಯಲ್ಲಿ ಗುಡ್ಡವೂ ಇರಲಿಲ್ಲ, ಜವಾನನೂ ಇರಲಿಲ್ಲ. ಒಂದು ಟೀವಿ, ಅದರ ತುಂಬ ಕೋಟಿನವನ ದೊಡ್ಡ ಮುಖ, ಸೆರಗು ಹೊದ್ದ ತಾಯೊಬ್ಬಳು ಟೀವಿಯ ಹಿಂದಕ್ಕೆ ಬಗ್ಗಿ, 'ಸ್ವಲ್ಪ ಸರೀಪಾ, ಹಿಂದ ನನ್ನ ಮಗ ಅದಾನ' ಎನ್ನುತ್ತಿದ್ದಾಳೆ. ನಗಲು ಬಾಯಿ ತೆರೆದವರು ಅಷ್ಟಕ್ಕೇ ನಿಂತರು. ಸುಲ್ತಾನಬಿ ಬಹಳ ಹೊತ್ತು ನೋಡಿ, "ಹಾ, ಇದು ಖರೇ" ಎಂದಳು.

ಅಲ್ಲಿಂದ ಖಾನಾವಳಿಯ ಅಂಗಳ ಊರಿನ ಪೇಪರಾಯಿತು. ತಾಳಿಕೋಟೆ ಕಡೆಯವರೂ ಬಸ್ಸಿಳಿದು ಮೊದಲು "ಇವತ್ತ ಏನೈತಿ?" ಎಂದೇ ಕೇಳುತ್ತಿದ್ದರು. ಕೂತಲ್ಲೇ ತೋಪು ಹಾರಿಸುವ ಮೈಕಿನವನು, ಗೆದ್ದದ್ದನ್ನೇ ದಿನಾ ಗೆಲ್ಲುವ ವಾರ್ತೆ, ಕ್ರಿಕೆಟ್ ಬ್ಯಾಟು ಹಿಡಿದು ನಕಾಶೆಯಲ್ಲಿ ಯುದ್ಧ ತೋರಿಸುವ ಕೋಟಿನವನು. ಸಂಜೆಗೆ ಗಾಳಿ, ಧೂಳು ಎಲ್ಲವನ್ನೂ ಒಯ್ಯುತ್ತಿದ್ದವು. ಬೆಳಿಗ್ಗೆ ಹೊಸದು ಬರುತ್ತಿತ್ತು. ಜವಾನನನ್ನು ಮಾತ್ರ ಅವಳು ಮತ್ತೆ ನಗೆಗೆ ಎಳೆಯಲಿಲ್ಲ.

ಒಂದು ಸಂಜೆ ಶ್ರೀಶೈಲಪ್ಪ ಖಾನಾವಳಿಗೆ ಉಬ್ಬಿಕೊಂಡು ಬಂದ. "ನಾಳಿ ಹುಬ್ಬಳ್ಳಿಯಿಂದ ಚಾನೆಲ್ಲಿನವ್ರು ಬರ್ತಾರ. ನಾನ ಕರಿಸೇನಿ. ಸುಲ್ತಾನಬಿ ಕಡಿಂದ ನಾಕು ಮಾತ ಆಡಸ್ತಾರ. ನಮ್ಮೂರ ಹೆಸರು ದೇಶಕ್ಕೆಲ್ಲ ಗೊತ್ತಾಗ್ತೈತಿ!"

ಅವನು ಹೋದ ಮೇಲೆ ಒಲೆಯ ಬಗಲಿಗೆ ಕೂತಿದ್ದ ಸುಲ್ತಾನಬಿ ಇಂದುಬಾಯಿಯ ಕೈ ಹಿಡಿದಳು. "ನಾ ಏನ್ ಹೇಳ್ಲಿ ಅಕ್ಕಾ? ಮಗ ಹೆಂಗದಾನ ಅಂತ ನನಗ ಗೊತ್ತಿಲ್ಲ. ಅತ್ತರ ಅಪಶಕುನ, ಅಳಲಿಲ್ಲಂದ್ರ ಮಂದಿ ಏನಂತಾರ?"

ಇಂದುಬಾಯಿ ಯೋಚಿಸಿ ಕೇಳಿದಳು: "ನಿನ್ನ ಬಾಗಲಾ ಮುಂದ ರಂಗೋಲಿ ಹಾಕ್ಲೇನ?"

ಸುಲ್ತಾನಬಿ ಕಣ್ಣೆತ್ತಿ ನೋಡಿದಳು. ನಿಧಾನಕ್ಕೆ ಅರ್ಥವಾಯಿತು. "ಹಾಕು. ಓಣಿ ತುಂಬ ಹಾಕು!"

ಬೆಳಕು ಹರಿಯುವಾಗ ಇಂದುಬಾಯಿ ಓಣಿಗೆ ಬಂದಳು. ಈ ಗೋಡೆಯಿಂದ ಆ ಗೋಡೆಯವರೆಗೆ ಕಾಲಿಡಲು ಜಾಗವಿಲ್ಲದಂತೆ ಬಿಡಿಸಿದಳು: ಎತ್ತಿನಷ್ಟು ದೊಡ್ಡ ಮೈಕೊಂದು ಮನೆ ಬಾಗಿಲಿಗೆ ನುಗ್ಗುತ್ತಿದೆ, ಒಳಗಿಂದ ಹಸಿರು ಬಳೆಯ ಕೈಯೊಂದು ಅದನ್ನು ಹಿಂದಕ್ಕೆ ದಬ್ಬುತ್ತಿದೆ. ಕೆಳಗೆ: 'ಮಗ ಬರ್ಲಿ, ಆಮ್ಯಾಲ ಬರ್ರಿ.'

ಜೀಪು ಬಂದು ನಿಂತಿತು. ಓಣಿಯ ಮಾಳಿಗೆಗಳ ಮೇಲೆಲ್ಲ ಮಂದಿ. ವರದಿಗಾರ ಅನಿಲ ಎಳೆಯ ಹುಡುಗ, ಜತೆಗೆ ಕ್ಯಾಮೆರಾದವನು. ದಾರಿ ತೋರಿಸುತ್ತ ಮುಂದೆ ನಡೆದ ಶ್ರೀಶೈಲಪ್ಪ ರಂಗೋಲಿ ಕಂಡು ಗಕ್ಕನೆ ನಿಂತ, ಧೋತರದ ಚುಂಗು ಎತ್ತಿಕೊಂಡು ಆಚೆ ಈಚೆ ಜಾಗ ಹುಡುಕಿದ. ಎಲ್ಲಿಯೂ ಇಲ್ಲ. ಹಿಂದಿನಿಂದ ಕ್ಯಾಮೆರಾದವನು ಸುಮ್ಮನೆ ಕಾಲೆತ್ತಿದ.

"ಏ, ಏ! ತುಳೀಬ್ಯಾಡೋ! ರಂಗೋಲಿ ಐತಿ!" ಶ್ರೀಶೈಲಪ್ಪನೇ ಕೂಗಿಬಿಟ್ಟ.

ಮಾಳಿಗೆಗಳು ಭೋರೆಂದು ನಕ್ಕವು. ಕೂಗಿದ ಮೇಲೆ ಅವನಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಅನಿಲ ಬಗ್ಗಿ ಅಕ್ಷರ ಓದಿದ, ಅವನ ಕಿವಿ ಕೆಂಪಾದವು. ಆಚೆ ಬಾಗಿಲ ಪರದೆಯ ಹಿಂದಿನಿಂದ ಸುಲ್ತಾನಬಿಯ ದನಿ ಬಂತು:

"ತಮ್ಮಾ, ನೀ ಆ ಗುಡ್ಡದ ಕಡಿಂದ ಬಂದಿ ಏನು? ನನ್ನ ಮಗನ್ನ ನೋಡೀದಿ ಏನು?"

"ಇಲ್ಲಮ್ಮ. ನಾನು ಹುಬ್ಬಳ್ಳಿಯಿಂದ ಬಂದೆ."

"ಹಂಗಾರ ನೀ ನನ್ನ ಏನ್ ಕೇಳ್ತಿ, ನಾ ನಿನ್ನ ಏನ್ ಕೇಳ್ಲಿ? ಬಿಸಲಾಗ ಬಂದೀದಿ, ಇಂದಕ್ಕನ ಖಾನಾವಳ್ಯಾಗ ಉಂಡು ಹೋಗು."

ಅನಿಲ ಮೈಕನ್ನು ಚೀಲಕ್ಕಿಟ್ಟ. ರಂಗೋಲಿಯ ಚಿತ್ರವನ್ನಷ್ಟೇ ತೆಗೆದುಕೊಂಡು, ಖಾನಾವಳಿಯಲ್ಲಿ ಹೊಟ್ಟೆ ತುಂಬ ಉಂಡು ಹೋದ. ಅದು ಟೀವಿಯಲ್ಲಿ ಬರಲೇ ಇಲ್ಲ. ಶ್ರೀಶೈಲಪ್ಪನ ಮನೆಮಂದಿ ಮಾತ್ರ ಬಹಳ ದಿನ ಕಾದರು.

ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಎಸ್‌ಟಿಡಿ ಅಂಗಡಿಯ ದಸ್ತಗೀರಸಾಬ ಚಪ್ಪಲಿಯಿಲ್ಲದೆ ಓಡಿ ಬಂದ. "ಸುಲ್ತಾನಬೀ! ಮಶಾಕನ ಫೋನು! ಲಗೂನ ಬಾ!" ಇಂದುಬಾಯಿ ಹಿಟ್ಟುಗೈಯಲ್ಲೇ ಗೆಳತಿಯ ರಟ್ಟೆ ಹಿಡಿದು ಓಡಿದಳು. ಉಣ್ಣುತ್ತಿದ್ದವರೂ ಎಂಜಲುಗೈಯಲ್ಲೇ ಓಡಿದರು. ಮಶಾಕನ ಕಾಲಿಗೆ ಪೆಟ್ಟಾಗಿತ್ತು, ಆಸ್ಪತ್ರೆಯಲ್ಲಿದ್ದ, ಬದುಕಿದ್ದ. ಸುಲ್ತಾನಬಿ ಗಾಜಿನ ಗೂಡಿನೊಳಗೆ ಒಂದೇ ಸಮ ಅತ್ತಳು, ನಕ್ಕಳು. ತೆಗೆಯಲು ಯಾವ ಕ್ಯಾಮೆರಾವೂ ಇರಲಿಲ್ಲ.

ಅದರ ಬೆನ್ನಿಗೇ ಚುನಾವಣೆ ಬಂತು. ಒಬ್ಬ ಉಮೇದುವಾರನ ಕಡೆಯವನು ಖಾನಾವಳಿಗೆ ಬಂದು, "ಮಾವಶಿ, ನಮ್ಮ ಸಾಹೇಬ್ರನ್ನ ಬಿಡಿಸಬ್ಯಾಡ್ರಿ" ಎಂದು ಕೈಮುಗಿದ. ಅವನಿನ್ನೂ ಉಣ್ಣುತ್ತಿರುವಾಗಲೇ ಇನ್ನೊಬ್ಬನ ಕಡೆಯವನು ಬಂದು, "ನಮ್ಮ ಸಾಹೇಬ್ರು ನಿಮ್ಮ ಕಣ್ಣಿಗೆ ಬಿದ್ದಿಲ್ಲೇನ್ರಿ?" ಎಂದು ಸಿಟ್ಟಾದ. ಇಂದುಬಾಯಿ ಇಬ್ಬರನ್ನೂ ಒಂದೇ ಸಾಲಿಗೆ ಕೂಡಿಸಿ ಬಿಸಿ ರೊಟ್ಟಿ ಬಡಿಸಿದಳು, ಬಡಿಸುತ್ತ ಇಬ್ಬರ ಮೂಗನ್ನೂ ಸರಿಯಾಗಿ ನೋಡಿಕೊಂಡಳು.